ಕಛೇರಿ, ಪಾಠ, ಪ್ರತಿಭೆ: ಶಾಸ್ತ್ರೀಯ ಸಂಗೀತಗಾರನ ತ್ರಿವಿಧ ವೃತ್ತಿ (ಚಿಕ್ಕಬಳ್ಳಾಪುರ ಪರಿಸರವನ್ನು ಮುಂದಿಟ್ಟುಕೊಂಡು)

ಶಾಸ್ತ್ರೀಯ ಸಂಗೀತಗಾರನ ಬದುಕನ್ನು ಕುರಿತ ಬರಹಗಳು ಸಾಮಾನ್ಯವಾಗಿ ಕಛೇರಿಯನ್ನು ಕೇಂದ್ರವಾಗಿ ಇಟ್ಟುಕೊಳ್ಳುತ್ತವೆ. ಯಾವ ಸಭೆಯಲ್ಲಿ ಹಾಡಿದರು, ಯಾವ ಬಿರುದು ಪಡೆದರು ಎಂಬ ವಿವರಗಳ ನಡುವೆ ಅವರು ಮನೆಯಲ್ಲಿ ಕುಳಿತು ಮಾಡಿದ ಪಾಠ ಒಂದೆರಡು ವಾಕ್ಯಗಳಲ್ಲಿ ಮುಗಿದುಹೋಗುತ್ತದೆ. ಶಿಷ್ಯನಲ್ಲಿ ಸ್ವಂತವಾಗಿ ಕಲ್ಪಿಸುವ ಶಕ್ತಿಯನ್ನು ಎಬ್ಬಿಸಿದ ಬಗೆಯಂತೂ ಬಹುತೇಕ ದಾಖಲೆಗೇ ಬರುವುದಿಲ್ಲ. ಇಂದು ಈ ಮೂರನೆಯ ಕೆಲಸಕ್ಕೆ ‘ಸೃಜನಶೀಲತಾ ಮಾರ್ಗದರ್ಶನ’ ಎಂಬ ಪ್ರತ್ಯೇಕ ಹೆಸರು ದೊರೆತಿದೆ. ಅದೊಂದು ಸ್ವತಂತ್ರ ವೃತ್ತಿಯಾಗಿಯೂ ಬೆಳೆಯುತ್ತಿದೆ. ಹಾಡುವುದು, ಕಲಿಸುವುದು, ಕಲ್ಪನೆಯನ್ನು ಜಾಗೃತಗೊಳಿಸುವುದು ಇವು ಮೂರು ಬೇರೆ ಬೇರೆ ವೃತ್ತಿಗಳೇ ಅಥವಾ ಒಂದೇ ವೃತ್ತಿಯ ಮೂರು ಮುಖಗಳೇ ಎಂಬ ಪ್ರಶ್ನೆಯನ್ನು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಪರಿಸರದ ಹಿನ್ನೆಲೆಯಲ್ಲಿ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಶಾಸ್ತ್ರದ ನೆಲೆ

ಈ ಪ್ರಶ್ನೆ ಹೊಸದಲ್ಲ. 13ನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವನು ‘ಸಂಗೀತರತ್ನಾಕರ’ದ ಪ್ರಕೀರ್ಣಕಾಧ್ಯಾಯದಲ್ಲಿ ಗಾಯಕರನ್ನು ಐದು ಬಗೆಯಾಗಿ ವಿಂಗಡಿಸಿದ್ದಾನೆ: ಶಿಕ್ಷಾಕಾರ, ಅನುಕಾರ, ರಸಿಕ, ರಂಜಕ ಮತ್ತು ಭಾವುಕ. ಕೊರತೆಯಿಲ್ಲದಂತೆ ಕಲಿಸಬಲ್ಲವನು ಶಿಕ್ಷಾಕಾರ. ಮತ್ತೊಬ್ಬನ ಶೈಲಿಯನ್ನು ಹಾಗೆಯೇ ಅನುಸರಿಸುವವನು ಅನುಕಾರ. ತಾನೇ ರಸದಲ್ಲಿ ಮುಳುಗುವವನು ರಸಿಕ, ಕೇಳುಗರನ್ನು ತಣಿಸುವವನು ರಂಜಕ, ಹಾಡಿಗೆ ಹೊಸ ಅತಿಶಯವನ್ನು ತಂದುಕೊಡುವವನು ಭಾವುಕ. ಇಲ್ಲಿ ಎರಡು ಅಂಶಗಳು ಗಮನಾರ್ಹ. ಮೊದಲನೆಯದು, ಕಲಿಸುವ ಸಾಮರ್ಥ್ಯವನ್ನು ಗಾಯಕತ್ವದ ಹೊರಗಿನ ಕಸುಬೆಂದು ಬಗೆಯದೆ ಅದರ ಒಂದು ಪ್ರಭೇದವೆಂದೇ ಎಣಿಸಿರುವುದು. ಎರಡನೆಯದು, ಅನುಕಾರ ಮತ್ತು ಭಾವುಕರ ನಡುವೆ ಗೆರೆ ಎಳೆದಿರುವುದು. ಅನುಕಾರನಾಗಿ ಮೊದಲುಗೊಂಡ ಶಿಷ್ಯನು ಭಾವುಕನಾಗುವುದು ಹೇಗೆ ಎಂಬುದೇ ಇಂದಿನ ‘ಸೃಜನಶೀಲತಾ ಮಾರ್ಗದರ್ಶನ’ದ ಮೂಲ ಪ್ರಶ್ನೆಯೂ ಹೌದು.

ಕಾವ್ಯಮೀಮಾಂಸೆಯೂ ಇದಕ್ಕೆ ಸಮೀಪದ ಉತ್ತರವನ್ನು ಕೊಡುತ್ತದೆ. 11ನೆಯ ಶತಮಾನದ ಕಾಶ್ಮೀರದ ಮಮ್ಮಟನು ‘ಕಾವ್ಯಪ್ರಕಾಶ’ದಲ್ಲಿ ಕಾವ್ಯದ ಹುಟ್ಟಿಗೆ ಶಕ್ತಿ, ನಿಪುಣತೆ, ಅಭ್ಯಾಸ ಎಂಬ ಮೂರನ್ನು ಹೇಳಿ, ಅವು ಮೂರೂ ಕೂಡಿ ಒಂದೇ ಹೇತುವೆಂದು ಏಕವಚನದಲ್ಲಿ ನಿರ್ದೇಶಿಸುತ್ತಾನೆ. ಶಕ್ತಿಯೆಂದರೆ ಹುಟ್ಟಿನಿಂದ ಬಂದ ಪ್ರತಿಭೆ. ನಿಪುಣತೆಯೆಂದರೆ ಲೋಕ ಮತ್ತು ಶಾಸ್ತ್ರಗಳ ಪರಿಚಯದಿಂದ ಬಂದ ಬಲ್ಲವಿಕೆ. ಅಭ್ಯಾಸವೆಂದರೆ ಬಲ್ಲವರ ಮಾರ್ಗದರ್ಶನದಲ್ಲಿ ಮತ್ತೆ ಮತ್ತೆ ಮಾಡುವ ಪ್ರಯತ್ನ. ಸಂಗೀತಕ್ಕೆ ಇದನ್ನು ಅನ್ವಯಿಸಿದರೆ, ವೇದಿಕೆಯ ಅನುಭವವು ನಿಪುಣತೆಯನ್ನೂ ಪಾಠವು ಅಭ್ಯಾಸವನ್ನೂ ಪೋಷಿಸುತ್ತವೆ. ಶಕ್ತಿಯು ಇವೆರಡರ ನಡುವೆ ಅರಳುತ್ತದೆ. ಒಂದನ್ನು ಬೇರ್ಪಡಿಸಿದರೆ ಉಳಿದೆರಡೂ ಬಡವಾಗುತ್ತವೆ.

ಕಲ್ಪಿತ ಮತ್ತು ಕಲ್ಪನೆ

ಕರ್ನಾಟಕ ಸಂಗೀತದಲ್ಲಿ ಕಲ್ಪಿತ ಸಂಗೀತ, ಕಲ್ಪನಾ ಸಂಗೀತ ಎಂಬ ಎರಡು ಭಾಗಗಳಿವೆ. ಸರಳೆ ವರಸೆ, ಜಂಟಿ ವರಸೆ, ಅಲಂಕಾರ, ಗೀತೆ, ವರ್ಣ, ಕೃತಿ ಇವು ಮೊದಲೇ ರಚಿತವಾದವು. ಮಾಯಾಮಾಳವಗೌಳ ರಾಗದಿಂದ ಪಾಠವನ್ನು ಆರಂಭಿಸುವ ಕ್ರಮವನ್ನು ರೂಪಿಸಿದವರು ಪುರಂದರದಾಸರೆಂದು ಪರಂಪರೆ ನಂಬುತ್ತದೆ. ಆಲಾಪನೆ, ತಾನ, ನೆರವಲ್, ಕಲ್ಪನಾಸ್ವರಗಳು ಆಯಾ ಕ್ಷಣದಲ್ಲಿ ಹುಟ್ಟಬೇಕಾದವು. ಇವುಗಳ ಒಟ್ಟು ಹೆಸರು ಮನೋಧರ್ಮ. ಮೊದಲ ಭಾಗವನ್ನು ಬಾಯಿಂದ ಬಾಯಿಗೆ ದಾಟಿಸಬಹುದು. ಎರಡನೆಯದನ್ನು ಹಾಗೆ ದಾಟಿಸಲು ಬರುವುದಿಲ್ಲ. ಗುರುವಿನ ಆಲಾಪನೆಯನ್ನು ಶಿಷ್ಯನು ಕಂಠಪಾಠ ಮಾಡಿದ ಕ್ಷಣವೇ ಅದು ಕಲ್ಪಿತವಾಗಿಬಿಡುತ್ತದೆ.

ಹಾಗಾದರೆ ಕಲಿಸಲಾಗದ್ದನ್ನು ಗುರು ಕಲಿಸುವುದು ಹೇಗೆ? ವಸ್ತುವನ್ನು ಕೊಡುವ ಬದಲು ಗಡಿಯನ್ನು ಹಾಕಿಕೊಡುವುದು ಅನುಭವಿಗಳ ಕ್ರಮ. ಮೋಹನ ರಾಗವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅದರಲ್ಲಿ ಇರುವುದು ಐದೇ ಸ್ವರಗಳು: ಸ, ರಿ, ಗ, ಪ, ದ. ಗುರುವು ಮೊದಲು ಸ, ರಿ, ಗ ಮೂರರಲ್ಲಿಯೇ ಸಂಚರಿಸಿ ಗಾಂಧಾರದಲ್ಲಿ ನಿಲ್ಲಬೇಕೆಂದು ಸೂಚಿಸುತ್ತಾನೆ. ಶಿಷ್ಯನಿಗೆ ದಾರಿ ಕಿರಿದು, ಆದರೆ ಹೆಜ್ಜೆ ಅವನದೇ. ಮುಂದೆ ಪಂಚಮವನ್ನು ಸೇರಿಸಲಾಗುತ್ತದೆ. ಆಮೇಲೆ ತಾಳದ ಲೆಕ್ಕ ಬರುತ್ತದೆ. ಆದಿತಾಳದ ಒಂದು ಆವರ್ತಕ್ಕೆ 8 ಅಕ್ಷರಗಳು. ಅಕ್ಷರಕ್ಕೆ ನಾಲ್ಕು ಸ್ವರಗಳಂತೆ 32. ಈ 32ನ್ನು ತುಂಬಿಸಿ, ಹಾಡಿನ ಪಲ್ಲವಿ ಎದ್ದ ಸ್ಥಳಕ್ಕೆ ತಪ್ಪದೆ ಮರಳಬೇಕು. ಗುರು ಒಂದು ಆವರ್ತ, ಶಿಷ್ಯ ಒಂದು ಆವರ್ತ ಎಂದು ಸರದಿ ನಡೆಯುತ್ತದೆ. ತಪ್ಪಿದಾಗ ನಿಲ್ಲಿಸದೆ ಮುಂದಿನ ಆವರ್ತಕ್ಕೆ ಕರೆದೊಯ್ಯುವುದು ಇಲ್ಲಿ ಮುಖ್ಯ. ಏಕೆಂದರೆ ಹೆದರಿದ ಶಿಷ್ಯನು ಗೊತ್ತಿರುವ ಸ್ವರಗುಚ್ಛಕ್ಕೇ ಮರಳುತ್ತಾನೆ.

ಇದೇ ಸರದಿ ವೇದಿಕೆಯಲ್ಲಿಯೂ ಮುಂದುವರಿಯುತ್ತದೆ. ಗಾಯಕನು ಸ್ವರ ಹಾಕಿದಾಗ ಪಿಟೀಲುವಾದಕ ಉತ್ತರಿಸುತ್ತಾನೆ. ಗುರುವಿನ ಹಿಂದೆ ಕುಳಿತ ಶಿಷ್ಯನಿಗೆ ನೆರವಲ್‌ನ ಒಂದು ಸುತ್ತು ಸಿಗುತ್ತದೆ. ಮನೆಯಲ್ಲಿ ಕಲಿತ ಸ್ವಾತಂತ್ರ್ಯವು ಸಾರ್ವಜನಿಕರ ಮುಂದೆ ಪರೀಕ್ಷೆಗೆ ಒಳಗಾಗುವುದು ಆಗಲೇ. ಆದ್ದರಿಂದ ಸ್ವತಃ ಕಛೇರಿ ಮಾಡದ ಬೋಧಕನಿಗೆ ಈ ಕೊನೆಯ ಹಂತವನ್ನು ಒದಗಿಸುವುದು ಕಷ್ಟ. ಪಾಠ ಮಾಡದ ಗಾಯಕನಿಗೆ ಮೊದಲ ಹಂತಗಳ ತಾಳ್ಮೆ ಇರುವುದಿಲ್ಲ.

ಆಧುನಿಕ ಮನೋವಿಜ್ಞಾನವೂ ಇದಕ್ಕೆ ವಿರುದ್ಧವಾಗಿಲ್ಲ. ಗ್ರಹಾಂ ವಾಲಸ್ 1926ರಲ್ಲಿ ಸೃಜನಕ್ರಿಯೆಯನ್ನು ಸಿದ್ಧತೆ, ಒಳಗೇ ಮಾಗುವಿಕೆ, ಹೊಳಹು, ಪರಿಶೀಲನೆ ಎಂಬ ನಾಲ್ಕು ಹಂತಗಳಲ್ಲಿ ವಿವರಿಸಿದನು. ಅಮೆರಿಕದ ಜೆ.ಪಿ. ಗಿಲ್‌ಫರ್ಡ್ 1950ರಲ್ಲಿ ಮನೋವಿಜ್ಞಾನಿಗಳ ಸಂಘದ ಅಧ್ಯಕ್ಷಭಾಷಣಕ್ಕೆ ಸೃಜನಶೀಲತೆಯನ್ನೇ ವಿಷಯವಾಗಿ ಆರಿಸಿಕೊಂಡ ನಂತರ ಈ ಕ್ಷೇತ್ರದ ಅಧ್ಯಯನ ವಿಸ್ತಾರಗೊಂಡಿತು. ಸೃಜನಶೀಲತಾ ಮಾರ್ಗದರ್ಶಕನು ಉತ್ತರವನ್ನು ಹೇಳಿಕೊಡದೆ ಪ್ರಶ್ನಿಸುತ್ತಾನೆ, ದಿನನಿತ್ಯದ ಅಭ್ಯಾಸಕ್ರಮವನ್ನು ಗೊತ್ತುಪಡಿಸುತ್ತಾನೆ, ಭಯವನ್ನು ಬಿಡಿಸುತ್ತಾನೆ. ಮನೋಧರ್ಮದ ಒಳ್ಳೆಯ ಗುರುವೂ ಮಾಡುವುದು ಬಹುಪಾಲು ಇದನ್ನೇ. ಆದರೆ ಒಂದು ವ್ಯತ್ಯಾಸವಿದೆ. ಸಂಗೀತದ ಗುರುವಿನ ಮಾರ್ಗದರ್ಶನವು ರಾಗ ಮತ್ತು ತಾಳಗಳ ವ್ಯಾಕರಣಕ್ಕೆ ಬದ್ಧವಾಗಿದೆ. ವ್ಯಾಕರಣದಿಂದ ಬಿಡಿಸಿ ತೆಗೆದ ಕಲ್ಪನಾ ತರಬೇತಿ ಕ್ಷಣಿಕ ಉಲ್ಲಾಸವನ್ನು ಕೊಡಬಹುದು, ಸಂಗೀತವನ್ನು ಕೊಡಲಾರದು.

ಒಂದು ಬದುಕಿನ ಸಾಕ್ಷ್ಯ

ಗೌರಿಬಿದನೂರು ತಾಲ್ಲೂಕಿನ ಚಿಂತಲಪಲ್ಲಿ ಗ್ರಾಮದ ಹೆಸರನ್ನು ಹೊತ್ತ ಸಂಗೀತ ಮನೆತನ ಈ ಪರಿಸರದ ಮುಖ್ಯ ಉದಾಹರಣೆ. ಈ ಮನೆತನವು ತನ್ನ ಪರಂಪರೆಯನ್ನು ವಿಜಯನಗರದ ಕಾಲದವರೆಗೆ ಗುರುತಿಸಿಕೊಳ್ಳುತ್ತದೆ. 20ನೆಯ ಶತಮಾನದಲ್ಲಿ ಚಿಂತಲಪಲ್ಲಿ ವೆಂಕಟರಾಯರೂ ಅವರ ಮಗ ರಾಮಚಂದ್ರರಾಯರೂ ಮೈಸೂರು ಅರಮನೆಯ ಮನ್ನಣೆ ಪಡೆದ ಗಾಯಕರು. ತಂದೆಯೇ ಗುರುವಾಗಿರುವ ಇಂಥ ಮನೆಗಳಲ್ಲಿ ಪಾಠದ ವೇಳೆ, ಸಾಧನೆಯ ವೇಳೆ ಎಂಬ ಭೇದ ತೆಳುವಾಗಿರುತ್ತದೆ. ಹಿರಿಯರು ಕಛೇರಿಗಾಗಿ ಮಾಡಿಕೊಳ್ಳುವ ಸಿದ್ಧತೆಯೇ ಕಿರಿಯರ ಕಿವಿಗೆ ಬೀಳುವ ಮೊದಲ ಮನೋಧರ್ಮ ಪಾಠ.

ಅದೇ ಮೈಸೂರು ಆಸ್ಥಾನದ ವಾಸುದೇವಾಚಾರ್ಯರ (1865–1961) ಬದುಕಿನಲ್ಲಿ ಈ ಮೂರು ಕಾರ್ಯಗಳ ಕೂಡುವಿಕೆಗೆ ಹೆಚ್ಚು ವಿವರವಾದ ದಾಖಲೆಯಿದೆ. ಅರಮನೆಯ ನೆರವಿನಿಂದ ಅವರು ತಿರುವೈಯಾರಿಗೆ ಹೋಗಿ ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರಲ್ಲಿ ಕಲಿತರು. ಕದನಕುತೂಹಲ ರಾಗದ ಪ್ರಸಿದ್ಧ ಕೃತಿಯನ್ನು ರಚಿಸಿದವರು ಈ ಗುರು. ಶಿಷ್ಯರು ಗುರುವಿನ ಪ್ರತಿಯಾಗಲಿಲ್ಲ. ತಮ್ಮದೇ ಆದ ಸುಮಾರು 200 ರಚನೆಗಳನ್ನು, ಮುಖ್ಯವಾಗಿ ತೆಲುಗು ಮತ್ತು ಸಂಸ್ಕೃತದಲ್ಲಿ, ಮಾಡಿದರು. 1935ರಲ್ಲಿ ಸಂಗೀತ ಕಲಾನಿಧಿ ಗೌರವ ದೊರೆತ ಮೇಲೂ ಅವರ ಕೆಲಸ ನಿಲ್ಲಲಿಲ್ಲ. ರುಕ್ಮಿಣಿದೇವಿಯವರ ಆಹ್ವಾನದ ಮೇಲೆ ಮದರಾಸಿನ ಕಲಾಕ್ಷೇತ್ರಕ್ಕೆ ಹೋಗಿ ಪಾಠ ಮಾಡಿದರು. 1955ರಿಂದ ರಂಗಕ್ಕೆ ಬಂದ ರಾಮಾಯಣ ನೃತ್ಯನಾಟಕಗಳ ಸರಣಿಗೆ, 90ರ ವಯಸ್ಸಿನ ಆಸುಪಾಸಿನಲ್ಲಿ, ರಾಗಸಂಯೋಜನೆ ಮಾಡಿದರು. ಅವರ ಕಾಲಾನಂತರ ಉಳಿದ ಭಾಗವನ್ನು ಪೂರೈಸಿದವರು ಅವರಲ್ಲಿಯೇ ಕಲಿತ ಮೊಮ್ಮಗ ಎಸ್. ರಾಜಾರಾಂ. ಗುರು ಆರಂಭಿಸಿದ ಸೃಷ್ಟಿಯನ್ನು ಶಿಷ್ಯನು ಅದೇ ಹದದಲ್ಲಿ, ಆದರೆ ಸ್ವಂತ ಕಲ್ಪನೆಯಿಂದ ಮುಂದುವರಿಸಿದುದು ಆ ಪಾಠದ ಸಫಲತೆಗೆ ಸಾಕ್ಷಿ. ‘ನಾ ಕಂಡ ಕಲಾವಿದರು’ ಕೃತಿಯಲ್ಲಿ ಆಚಾರ್ಯರು ತಾವು ಕೇಳಿದ ಸಂಗೀತಗಾರರ ಚಿತ್ರಗಳನ್ನು ಕನ್ನಡದಲ್ಲಿ ಬಿಡಿಸಿದ್ದಾರೆ. ಕೇಳ್ಮೆಯನ್ನು ಮುಂದಿನವರಿಗೆ ದಾಟಿಸುವ ಪಾಠವೇ ಅದೂ ಸಹ.

ಇಂದಿನ ಊರುಗಳು

ಅರಮನೆಯ ಆಶ್ರಯ ಇಂದಿಲ್ಲ. 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ರೂಪುಗೊಂಡ ಚಿಕ್ಕಬಳ್ಳಾಪುರ ಜಿಲ್ಲೆಯ ಪಟ್ಟಣಗಳು ರೇಷ್ಮೆ, ಕೃಷಿ, ವ್ಯಾಪಾರಗಳನ್ನು ನೆಚ್ಚಿದವು. ಶಿಡ್ಲಘಟ್ಟದ ಹೆಸರು ರೇಷ್ಮೆಗೂಡಿನ ಮಾರುಕಟ್ಟೆಯೊಂದಿಗೆ ಬೆಸೆದುಕೊಂಡಿದೆ. ಸಂಗೀತ ಸಭೆಗಳ ದಟ್ಟ ಸಾಲು ಇರುವುದು ಬೆಂಗಳೂರಿನಲ್ಲಿ. ಗೌರಿಬಿದನೂರಿನ ಸಮೀಪದ ಹೊಸೂರಿನಲ್ಲಿ ಹುಟ್ಟಿದ ಶಿಕ್ಷಣತಜ್ಞ ಎಚ್. ನರಸಿಂಹಯ್ಯನವರು (1920–2005) ಬೆಂಗಳೂರು ಲಲಿತಕಲಾ ಪರಿಷತ್ತನ್ನು ಕಟ್ಟಿ ಬೆಳೆಸಿದುದೂ ರಾಜಧಾನಿಯಲ್ಲಿಯೇ. ಇಂಥ ಸನ್ನಿವೇಶದಲ್ಲಿ ಊರಿನಲ್ಲಿ ನೆಲೆನಿಂತ ಸಂಗೀತಗಾರನಿಗೆ ಜೀವನಾಧಾರ ಪಾಠವೇ. ಆ ಪಾಠದ ರೂಪವನ್ನು ಜೂನಿಯರ್, ಸೀನಿಯರ್, ವಿದ್ವತ್ ಎಂಬ ಪರೀಕ್ಷೆಗಳ ಶ್ರೇಣಿ ಬಹುಮಟ್ಟಿಗೆ ನಿರ್ಧರಿಸುತ್ತದೆ. ಪರೀಕ್ಷೆಗಳು ಪಾಠಕ್ಕೆ ಶಿಸ್ತನ್ನು ತಂದಿವೆ ಎಂಬುದು ನಿಜ. ಆದರೆ ಮನೋಧರ್ಮವು ಮೇಲಿನ ಹಂತಗಳಲ್ಲಿ ಮುಖ್ಯವಾಗುವುದರಿಂದ, ನಡುವೆ ಕಲಿಕೆ ನಿಲ್ಲಿಸುವ ಮಕ್ಕಳು ಒಂದು ಸ್ವರವನ್ನೂ ತಾವಾಗಿ ಕಲ್ಪಿಸದೆ ಹೊರಬರುವ ಅಪಾಯವಿದೆ. ಅವರ ಪಾಲಿಗೆ ಸಂಗೀತವೆಂದರೆ ಇನ್ನೊಬ್ಬರು ಕಟ್ಟಿದ್ದನ್ನು ಒಪ್ಪಿಸುವುದು ಎಂದಷ್ಟೇ ಆಗುತ್ತದೆ.

ಈ ಪ್ರದೇಶದ ಸ್ವಂತ ಪರಂಪರೆ ಮಾತ್ರ ಬೇರೆ ಪಾಠವನ್ನು ಹೇಳುತ್ತದೆ. ಚಿಂತಾಮಣಿ ತಾಲ್ಲೂಕಿನ ಕೈವಾರದ ಯೋಗಿ ನಾರೇಯಣರು ಬಳೆ ಮಾರುವ ಕಾಯಕದಿಂದ ಬಂದವರು. ಅವರು ತೆಲುಗು ಮತ್ತು ಕನ್ನಡ ಎರಡರಲ್ಲಿಯೂ ಕೀರ್ತನೆಗಳನ್ನೂ ತತ್ವಪದಗಳನ್ನೂ ರಚಿಸಿದರು. ಎರಡು ಭಾಷೆಗಳು ಬೆರೆತ ಈ ಸೀಮೆಯ ಜನರಿಗೆ ಅವು ಭಜನೆಯ ಮೂಲಕ ತಲುಪಿದವು. ಭಜನೆಯಲ್ಲಿ ಒಬ್ಬನು ಎತ್ತಿಕೊಟ್ಟುದನ್ನು ಉಳಿದವರು ಹಿಡಿಯುತ್ತಾರೆ. ಅಲ್ಲಿ ಹಾಡುವವನು ಮತ್ತು ಕಲಿಯುವವನು ಒಂದೇ ಚಾಪೆಯ ಮೇಲೆ ಇರುತ್ತಾರೆ. ಗುರುಪೂರ್ಣಿಮೆಯ ಸಂದರ್ಭದಲ್ಲಿ ಕೈವಾರದಲ್ಲಿ ನಡೆಯುತ್ತ ಬಂದಿರುವ 72 ಗಂಟೆಗಳ ಅಖಂಡ ಸಂಗೀತೋತ್ಸವವು ಶಾಸ್ತ್ರೀಯ ಸಂಗೀತ ಮತ್ತು ಭಜನೆಗಳನ್ನು ಹತ್ತಿರ ತಂದಿದೆ. ಕಿರಿಯ ಕಲಾವಿದನಿಗೆ ತನ್ನ ನೆಲದಲ್ಲಿಯೇ ವೇದಿಕೆ ಸಿಗುವುದು ಎಷ್ಟು ಮುಖ್ಯವೆಂಬುದನ್ನು ಇದರಿಂದ ತಿಳಿಯಬಹುದು.

ಒಟ್ಟಿನಲ್ಲಿ ಹೇಳುವುದಾದರೆ, ಸೃಜನಶೀಲತಾ ಮಾರ್ಗದರ್ಶನವು ಸಂಗೀತಗಾರನಿಗೆ ಹೊರಗಿನಿಂದ ಬಂದ ಮೂರನೆಯ ಉದ್ಯೋಗವಲ್ಲ. ಕಛೇರಿ ಮತ್ತು ಪಾಠಗಳು ಪರಸ್ಪರ ದೂರವಾದಾಗ ಅವುಗಳ ನಡುವಿನಿಂದ ಜಾರಿಹೋದುದಕ್ಕೆ ಇಟ್ಟ ಹೊಸ ಹೆಸರು ಅದು. ಅದನ್ನು ಮರಳಿ ಒಳಗೆ ತರಲು ದೊಡ್ಡ ವ್ಯವಸ್ಥೆಯೇನೂ ಬೇಕಿಲ್ಲ. ವರ್ಣದ ಹಂತದಲ್ಲಿಯೇ ಪ್ರತಿ ಪಾಠದ ಕೊನೆಯ ಕೆಲವು ನಿಮಿಷಗಳನ್ನು ಮೂರು ಸ್ವರಗಳ ಕಲ್ಪನೆಗೆ ಮೀಸಲಿಡುವುದು, ಊರಿನ ಉತ್ಸವಗಳಲ್ಲಿ ಗುರು ಮತ್ತು ಶಿಷ್ಯರು ಜೊತೆಯಾಗಿ ಕೂಡುವುದು, ಗುರುವು ತನ್ನ ಸಾಧನೆಯನ್ನು ಮಕ್ಕಳ ಕಿವಿಗೆ ಬೀಳುವಂತೆ ಮಾಡುವುದು ಇವು ಶಿಡ್ಲಘಟ್ಟದ ಒಂದು ಕೋಣೆಯಲ್ಲಿಯೂ ಸಾಧ್ಯ. ಹಾಗೆ ಕಲಿತ ಮಗು ಮುಂದೆ ಸಂಗೀತಗಾರನಾಗದಿದ್ದರೂ, ನಿಯಮದ ಒಳಗೆ ನಿಂತು ತನ್ನದೊಂದು ಮಾತನ್ನು ಕಂಡುಕೊಳ್ಳುವ ಅಭ್ಯಾಸ ಅದರಲ್ಲಿ ಉಳಿಯುತ್ತದೆ.