ಕಾಗೆ ಹಾಡುಹಕ್ಕಿ, ಕೋಗಿಲೆ ಅಲ್ಲ

ಮಾವು ಚಿಗುರಿ ಕೋಗಿಲೆ ಕೂಗತೊಡಗಿದರೆ ಓದುಗರಿಂದ ಈ ಪ್ರಶ್ನೆ ಬಂದೇ ಬರುತ್ತದೆ: ಕಾಗೆಯ ಗೂಡಿನಲ್ಲಿ ಮೊಟ್ಟೆಯೊಡೆದು, ಕಾಗೆ ಕೊಟ್ಟ ಗುಟುಕು ತಿಂದು ಬೆಳೆದ ಮರಿ ‘ಕಾ ಕಾ’ ಎನ್ನದೆ ‘ಕುಹೂ’ ಎನ್ನುತ್ತದಲ್ಲ, ಅದಕ್ಕೆ ಯಾರು ಹೇಳಿಕೊಟ್ಟರು?

ಯಾರೂ ಹೇಳಿಕೊಡುವುದಿಲ್ಲ. ಆ ಕೂಗು ಹುಟ್ಟಿನಿಂದಲೇ ಬಂದದ್ದು. ಹಾಗಾಗಿಯೇ ಸಾಕಿದವರು ಯಾರಾದರೂ ಕೋಗಿಲೆ ಕೋಗಿಲೆಯಾಗಿಯೇ ಉಳಿಯುತ್ತದೆ. ಜೀವಿವಿಜ್ಞಾನಿಗಳು ಹಾಡುಹಕ್ಕಿಗಳೆಂದು ಗುರುತಿಸುವ ವಂಶದಲ್ಲಿ ಅದಕ್ಕೆ ಜಾಗವಿಲ್ಲ. ಕಾಗೆಗೆ ಇದೆ! ಗುಬ್ಬಿ, ಗೊರವಂಕ, ಪಿಕಳಾರ, ಸೂರಕ್ಕಿ, ಗೀಜಗ, ಕಾಜಾಣ, ಮಡಿವಾಳ ಎಲ್ಲವೂ ಕಾಗೆಯ ಬಳಗದವೇ. ಜಗತ್ತಿನ ಸುಮಾರು 11,000 ಹಕ್ಕಿ ಪ್ರಭೇದಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಈ ಒಂದೇ ವಂಶಕ್ಕೆ ಸೇರಿವೆ. ಚಳಿಗಾಲಕ್ಕೆ ನಮ್ಮ ತೋಟಗಳಿಗೆ ಬರುವ ನವರಂಗ ಇವುಗಳ ಹತ್ತಿರದ ನೆಂಟ, ಆದರೆ ಒಳಗಿನದಲ್ಲ.

ಇಂಪಿಗೂ ಈ ವಿಂಗಡಣೆಗೂ ಸಂಬಂಧವಿಲ್ಲ. ಶ್ವಾಸನಾಳ ಎರಡಾಗಿ ಕವಲೊಡೆಯುವಲ್ಲಿ ಹಕ್ಕಿಗಳಿಗೆ ಸಿರಿಂಕ್ಸ್ ಎಂಬ ಧ್ವನಿಪೆಟ್ಟಿಗೆ ಇರುತ್ತದೆ. ಹಾಡುಹಕ್ಕಿಗಳಲ್ಲಿ ಅದಕ್ಕೆ ಹಲವು ಜೊತೆ ಸ್ನಾಯುಗಳಿವೆ. ಎಡದ ಕವಲನ್ನೂ ಬಲದ ಕವಲನ್ನೂ ಬೇರೆ ಬೇರೆಯಾಗಿ ಆಡಿಸಬಲ್ಲ ಹಕ್ಕಿ ಒಂದೇ ಗಳಿಗೆಯಲ್ಲಿ ಎರಡು ಸ್ವರ ಹೊರಡಿಸಬಲ್ಲದು. ಆದರೆ ನನ್ನನ್ನು ಹೆಚ್ಚು ಸೆಳೆಯುವುದು ಗಂಟಲಲ್ಲ, ಕಿವಿ. ಹಾಡುಹಕ್ಕಿಯ ಮರಿ ಹಿರಿಯರ ಹಾಡನ್ನು ಕೇಳಿ ಕಲಿಯಬೇಕು. ಗಿಳಿಗಳಿಗೂ ಝೇಂಕಾರದ ಹಕ್ಕಿಗಳಿಗೂ ಈ ಕಲಿಕೆ ಒಲಿದಿದೆ. ಉಳಿದ ಹಕ್ಕಿಗಳಲ್ಲಿ ಇದು ತೀರ ಅಪರೂಪ.

ಇದನ್ನು ಮೊದಲು ಪ್ರಯೋಗ ಮಾಡಿ ತೋರಿಸಿದವನು ಇಂಗ್ಲೆಂಡಿನ ಒಬ್ಬ ವಕೀಲ, ಡೇನ್ಸ್ ಬ್ಯಾರಿಂಗ್ಟನ್. ಲಂಡನ್ನಿಗೆ ಬಂದಿದ್ದ ಬಾಲಕ ಮೊಜಾರ್ಟ್‌ನ ಸಂಗೀತವನ್ನು ಪರೀಕ್ಷಿಸಿ ರಾಯಲ್ ಸೊಸೈಟಿಗೆ ವರದಿ ಬರೆದವನೂ ಇವನೇ. ಆ ಕುತೂಹಲವನ್ನೇ ಅವನು ಹಕ್ಕಿಗಳತ್ತಲೂ ತಿರುಗಿಸಿದ. ಲಿನೆಟ್ ಎಂಬ ಪುಟ್ಟ ಹಕ್ಕಿಯ ಮರಿಗಳನ್ನು ಗೂಡಿನಿಂದ ತಂದು ಒಂದನ್ನು ಸ್ಕೈಲಾರ್ಕ್ ಜೊತೆ, ಇನ್ನೊಂದನ್ನು ವುಡ್‌ಲಾರ್ಕ್ ಜೊತೆ, ಮತ್ತೊಂದನ್ನು ಪಿಪಿಟ್ ಜೊತೆ ಬೆಳೆಸಿದ. ಮರಿಗಳು ತಮ್ಮ ಕುಲದ ಹಾಡು ಬಿಟ್ಟು ಗುರುವಿನ ಹಾಡನ್ನೇ ಹಿಡಿದವು. ಆಮೇಲೆ ಅವನು ಮಾಡಿದ್ದು ಇನ್ನೂ ಚೆನ್ನ. ಪಿಪಿಟ್ ಹಾಡು ಕಲಿತ ಲಿನೆಟ್ಟನ್ನು, ಜೋರಾಗಿ ಹಾಡುತ್ತಿದ್ದ ಎರಡು ಸಾಮಾನ್ಯ ಲಿನೆಟ್‌ಗಳಿದ್ದ ಕೋಣೆಯಲ್ಲಿ ಮೂರು ತಿಂಗಳು ತೂಗುಹಾಕಿದ. ಅದು ಅವುಗಳಿಂದ ಒಂದು ತುಣುಕನ್ನೂ ಎತ್ತಿಕೊಳ್ಳಲಿಲ್ಲ. ಕಲಿಯುವ ವಯಸ್ಸು ದಾಟಿಹೋಗಿತ್ತು. ಇದೆಲ್ಲ ಅಚ್ಚಾದದ್ದು 1773ರಲ್ಲಿ.

ಆ ವಯಸ್ಸು ಯಾವುದೆಂದು ಪತ್ತೆಯಾಗಲು ಇಪ್ಪತ್ತನೆಯ ಶತಮಾನ ಬರಬೇಕಾಯಿತು. ಧ್ವನಿಯನ್ನು ಚಿತ್ರವಾಗಿ ಬಿಡಿಸುವ ಯಂತ್ರ ಕೈಗೆ ಸಿಕ್ಕ ಮೇಲೆ, 1950ರ ದಶಕದಲ್ಲಿ ಕೇಂಬ್ರಿಜ್‌ನ ವಿಲಿಯಂ ಥಾರ್ಪ್ ಚಾಫಿಂಚ್ ಮರಿಗಳನ್ನು ಒಂಟಿಯಾಗಿ ಬೆಳೆಸಿ ಅವುಗಳ ಹಾಡು ಬಡವಾಗಿ, ಆಕಾರಗೆಟ್ಟು ಬರುವುದನ್ನು ತೋರಿಸಿದರು. ಅವರ ಶಿಷ್ಯ ಪೀಟರ್ ಮಾರ್ಲರ್ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಬಿಳಿನೆತ್ತಿಯ ಗುಬ್ಬಿಗಳನ್ನು ಹಿಡಿದು ಕೂತರು. ಮರಿಗೆ ಸುಮಾರು 10ರಿಂದ 50 ದಿನ ತುಂಬುವ ನಡುವೆ ಕಿವಿಗೆ ಬಿದ್ದದ್ದೇ ಪಾಠ. ಆಗ ಅದು ಇನ್ನೂ ಹಾಡುವುದಿಲ್ಲ, ಸುಮ್ಮನೆ ಕೇಳುತ್ತದೆ. ತಿಂಗಳುಗಳು ಕಳೆದ ಮೇಲೆ ಗುನುಗಲು ತೊಡಗುತ್ತದೆ, ತೊದಲುತ್ತದೆ, ನೆನಪಿನಲ್ಲಿರುವುದಕ್ಕೂ ತನ್ನ ಗಂಟಲಿನಿಂದ ಹೊರಟದ್ದಕ್ಕೂ ತಾಳೆ ಹಾಕುತ್ತ ತಿದ್ದಿಕೊಳ್ಳುತ್ತದೆ. ಮಾರ್ಲರ್ ಬಳಗದ ಮಸಕಾಜು ಕೊನಿಶಿ ಇದಕ್ಕೆ ಪುರಾವೆ ಒದಗಿಸಿದರು: ಹಾಡು ಕೇಳಿಸಿಕೊಂಡಿದ್ದರೂ, ಬಾಯಿಗೆ ಬರುವ ಮೊದಲೇ ಕಿವುಡಾದ ಹಕ್ಕಿ ಅದನ್ನು ಹಾಡಲಾರದು.

ಗುರುಮುಖೇನ ಕಲಿಯುವುದೆಂದರೆ ಇದೇ ಅಲ್ಲವೆ? ಕುಂದಗೋಳದ ಸವಾಯಿ ಗಂಧರ್ವರ ಬಳಿ ಗಂಗೂಬಾಯಿ ಹಾನಗಲ್ಲರೂ ಕಲಿತರು, ಭೀಮಸೇನ ಜೋಶಿಯವರೂ ಕಲಿತರು. ಇಬ್ಬರಲ್ಲೂ ಕಿರಾಣಾ ಘರಾಣೆಯ ಸ್ವರಲಗಾವು ಉಂಟು, ಆದರೆ ಒಬ್ಬರ ದನಿಯನ್ನು ಇನ್ನೊಬ್ಬರದೆಂದು ಯಾರೂ ಭ್ರಮಿಸಲಾರರು. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತ ಮಾರ್ಲರ್ ಕಂಡದ್ದೂ ಅದನ್ನೇ. ಒಂದೇ ಕಡೆಯ ಗುಬ್ಬಿಗಳ ಹಾಡಿಗೆ ಒಂದು ಧಾಟಿ, ಕೆಲವೇ ಮೈಲಿ ಆಚೆ ಹೋದರೆ ಬೇರೆ ಧಾಟಿ. ಒಂದು ಧಾಟಿಯೊಳಗೂ ಪ್ರತಿ ಗಂಡಿಗೆ ತನ್ನದೇ ಸಣ್ಣ ಮುರುಕಿ. ಘರಾಣೆಯಂತೆ ಇದೂ ರಕ್ತದಲ್ಲಿ ಹರಿಯುವುದಿಲ್ಲ. ಕಿವಿಯಿಂದ ಕಿವಿಗೆ ದಾಟುತ್ತದೆ. ಕೇಳುವ ಮರಿ ಇಲ್ಲದಿದ್ದರೆ ಅಲ್ಲಿಗೇ ಮುಗಿಯಿತು.

ಪರರ ಗೂಡಿನಲ್ಲಿ ಬೆಳೆಯುವ ಹಾಡುಹಕ್ಕಿ ಏನು ಮಾಡುತ್ತದೆ ಎಂದು ನೀವು ಕೇಳಬಹುದು. ಆಫ್ರಿಕಾದ ಇಂಡಿಗೋಬರ್ಡ್ ಫೈರ್‌ಫಿಂಚ್‌ನ ಗೂಡಿನಲ್ಲಿ ಮೊಟ್ಟೆಯಿಡುತ್ತದೆ. ಗಂಡುಮರಿ ಸಾಕುತಂದೆಯ ಹಾಡನ್ನೇ ಕಲಿಯುತ್ತದೆ. ಹೆಣ್ಣು ದೊಡ್ಡದಾದ ಮೇಲೆ ಆ ಹಾಡಿಗೇ ಒಲಿದು, ಅದೇ ಜಾತಿಯ ಗೂಡು ಹುಡುಕಿ ಮೊಟ್ಟೆಯಿಡುತ್ತದೆ. ಮಿಷಿಗನ್ ವಿಶ್ವವಿದ್ಯಾಲಯದ ರಾಬರ್ಟ್ ಪೇನ್ ಈ ಮರಿಗಳನ್ನು ಬೆಂಗಾಲೀಸ್ ಫಿಂಚ್ ಕೈಲಿ ಸಾಕಿಸಿದಾಗ ಗಂಡುಗಳು ಆ ಹೊಸ ಹಾಡನ್ನೇ ಹಾಡಿದವು. ಕೋಗಿಲೆಯ ನಡವಳಿಕೆಗೆ ಇದು ನೇರ ವಿರುದ್ಧ.

ಕಲಿಯಬೇಕಾದ್ದು ಮರೆತೂ ಹೋಗಬಹುದು. ಆಸ್ಟ್ರೇಲಿಯಾದ ರೀಜೆಂಟ್ ಹನಿಈಟರ್ ಈಗ ಕೆಲವೇ ನೂರು ಉಳಿದಿದೆ. ಕಾಡು ಕಡಿದ ಮೇಲೆ ಚದುರಿಹೋದ ಎಳೆಯ ಗಂಡುಗಳಿಗೆ ತಮ್ಮವರ ದನಿಯೇ ಕೇಳಿಸುತ್ತಿಲ್ಲ. 2021ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ 12% ಗಂಡುಗಳು ಪೂರ್ತಿಯಾಗಿ ಬೇರೆ ಜಾತಿಯ ಹಕ್ಕಿಗಳ ಹಾಡು ಹಾಡುತ್ತಿದ್ದವು, 27% ಗಂಡುಗಳು ಹಾಡುತ್ತಿದ್ದುದು ತಮ್ಮ ಸೀಮೆಯ ಧಾಟಿಯದಲ್ಲ. ಅಡ್ಡಹಾಡು ಹಾಡುವ ಗಂಡಿಗೆ ಹೆಣ್ಣು ಸಿಗುವುದು ಕಷ್ಟ. ಹಕ್ಕಿಯ ಸಂಖ್ಯೆಯನ್ನಷ್ಟೇ ಎಣಿಸುವ ಸಂರಕ್ಷಣೆ ಸಾಲದೆಂದು ನಾನು ಹೇಳುವುದು ಇದಕ್ಕೇ. ಅಲ್ಲಿನ ಮೃಗಾಲಯದವರಿಗೆ ಇದು ಮನವರಿಕೆಯಾಗಿದೆ. ಮರಿಗಳಿಗೆ ಕಾಡಿನ ಹಾಡಿನ ಧ್ವನಿಮುದ್ರಣ ಕೇಳಿಸುತ್ತಾರೆ, ಕಾಡಿನಲ್ಲಿ ಹುಟ್ಟಿ ಹಾಡು ಬಲ್ಲ ಹಿರಿಯ ಗಂಡುಗಳನ್ನು ಪಕ್ಕದಲ್ಲಿಡುತ್ತಾರೆ, ಬಿಡುಗಡೆ ಆಮೇಲೆ.