ದೋಣಿಯ ಮುಚ್ಚಳವೂ ಸಡಿಲಾದ ಕೀಲುಗಳೂ

ದೋಣಿಯೆಂದೊಡನೆ ನಮ್ಮ ಕಣ್ಣಮುಂದೆ ಹುಟ್ಟು, ಹಾಯಿ, ಚುಕ್ಕಾಣಿಗಳು ಸುಳಿಯುವುವು. ಯಂತ್ರದಿಂದ ನಡೆಯುವ ಅನೇಕ ವಿಹಾರದೋಣಿಗಳಲ್ಲಿ ಯಾರ ಗಮನವನ್ನೂ ಸೆಳೆಯದ ಇನ್ನೊಂದು ಭಾಗವುಂಟು. ಅದೇ ಯಂತ್ರದ ಗೂಡನ್ನು ಮುಚ್ಚುವ ಮೆತ್ತೆಯ ಮುಚ್ಚಳ. ಪ್ಲೈವುಡ್ಡಿನ ಹಲಗೆ, ಅದರ ಮೇಲೆ ಫೋಮಿನ ಪದರ, ಎಲ್ಲಕ್ಕೂ ಮೇಲೆ ವಿನೈಲ್ ಹೊದಿಕೆ: ಇಷ್ಟೇ ಅದರ ರಚನೆ. ಮುಚ್ಚಿದಾಗ ಅದು ಆಸನ, ತೆರೆದಾಗ ಬಾಗಿಲು. ಅದನ್ನು ದೋಣಿಗೆ ಬಂಧಿಸಿರುವುದು ಒಂದೆರಡು ಕೀಲುಗಳು, ಕೆಲವೇ ತಿರುಪುಮೊಳೆಗಳು. ಇವು ಸಡಿಲಾದರೆ ಸಂಗತಿ ಅಲ್ಪವಲ್ಲ. ಬಾಗಿ ಯಂತ್ರವನ್ನು ನೋಡುತ್ತಿರುವವನ ಕೈಮೇಲೆ ಮುಚ್ಚಳ ಕುಸಿಯಬಹುದು. ಗಾಳಿಗೆ ಅದು ಕಿತ್ತುಹೋದರೆ ಅಲೆಯ ನೀರು ನೇರವಾಗಿ ದೋಣಿಯ ಒಡಲನ್ನು ಸೇರಬಹುದು.

ಮೊಳೆ ಸಡಿಲಾಗುವುದೇಕೆ?

ಮೊದಲನೆಯ ಕಾರಣ ನೀರು. ವಿನೈಲ್ ನೀರನ್ನು ಒಳಬಿಡದು. ಆದರೆ ಹೊಲಿಗೆಯ ಸೂಜಿರಂಧ್ರಗಳು ಬಿಡುವುವು. ಒಳಹೊಕ್ಕ ನೀರನ್ನು ಫೋಮು ಹಿಡಿದಿಡುವುದು. ಹೊದಿಕೆ ಅದನ್ನು ಆರಗೊಡದು. ನೆನೆದ ಮರ ಹಿಗ್ಗುವುದು, ಒಣಗಿದಾಗ ಕುಗ್ಗುವುದು. ಲೋಹದ ಮೊಳೆ ಹಾಗೆ ಮಾಡದು. ಆದುದರಿಂದ ಪ್ರತಿ ಸಲವೂ ಮೊಳೆಯ ಸುತ್ತಣ ನಾರುಗಳು ಜಜ್ಜಿ ರಂಧ್ರ ಹಿರಿದಾಗುತ್ತ ಹೋಗುವುದು. ಮರದಲ್ಲಿನ ತೇವ ಅದರ ಒಣತೂಕದ ಶೇಕಡ ೨೦ಕ್ಕಿಂತ ಕಡಿಮೆಯಿದ್ದರೆ ಕೊಳೆಸುವ ಶಿಲೀಂಧ್ರಗಳು ಬೆಳೆಯಲಾರವು. ಶೇಕಡ ೩೦ರ ಸುಮಾರಿಗೆ ಏರಿತೆಂದರೆ ಅವು ಚೆನ್ನಾಗಿ ಹಬ್ಬುವುವು.

ಎರಡನೆಯದು ಸನ್ನೆಗೋಲಿನ ತತ್ತ್ವ. ಪೂರ್ತಿ ತೆರೆದ ಮುಚ್ಚಳ ಕೀಲಿನಿಂದ ೨.೫ ಸೆಂಟಿಮೀಟರ್ ದೂರದಲ್ಲಿ ಚೌಕಟ್ಟಿಗೆ ತಾಗಿ ನಿಂತಿದೆಯೆನ್ನೋಣ. ಅದರ ತುದಿ ತಾಗಿದೆಡೆಯಿಂದ ೫೦ ಸೆಂಟಿಮೀಟರ್ ಆಚೆಗಿದೆ. ಆ ತುದಿಯನ್ನು ೫ ಕಿಲೋಗ್ರಾಂ ಭಾರದಷ್ಟು ಬಲದಿಂದ ಇನ್ನೂ ಹಿಂದಕ್ಕೆ ಒತ್ತಿದರೆ ಕೀಲಿನ ಮೊಳೆಗಳನ್ನು ಸೆಳೆಯುವ ಬಲ ಇದರ ೨೦ ಪಟ್ಟು, ಎಂದರೆ ೧೦೦ ಕಿಲೋಗ್ರಾಂ ಭಾರದಷ್ಟು!

ಮೂರನೆಯದು ಲೋಹದ ಕ್ಷಯ. ಸಮುದ್ರದ ನೀರಿನಲ್ಲಿ ಸಾಮಾನ್ಯ ಹಿತ್ತಾಳೆಯೊಳಗಿನ ಸತು ಕರಗಿಹೋಗಿ ಪೊಳ್ಳಾದ ತಾಮ್ರವಷ್ಟೇ ಉಳಿಯುವುದು. ತುಕ್ಕುಹಿಡಿಯದ ಉಕ್ಕೆಂದು ಹೆಸರಾದುದೂ ಇದರಿಂದ ಪೂರ್ತಿ ಪಾರಾಗದು. ಅದನ್ನು ಕಾಯುವುದು ಕ್ರೋಮಿಯಮ್ ಆಕ್ಸೈಡಿನ ತೆಳುಪೊರೆ. ಪೊರೆ ಉಳಿಯಲು ಆಮ್ಲಜನಕ ಬೇಕು. ಒದ್ದೆಮರದೊಳಗೆ ಹುದುಗಿದ ಮೊಳೆಗೆ ಅದು ಸಾಕಷ್ಟು ದೊರೆಯದು.

ದುರಸ್ತಿಯ ಕ್ರಮ

ಮನೆಯ ಬಾಗಿಲಿನ ಮೊಳೆ ಸಡಿಲಾದಾಗ ರಂಧ್ರಕ್ಕೆ ಬೆಂಕಿಕಡ್ಡಿ ತುರುಕುವುದನ್ನು ನಾವೆಲ್ಲ ಕಂಡಿದ್ದೇವೆ. ದೋಣಿಯಲ್ಲಿ ಈ ಉಪಾಯ ಬಹುಕಾಲ ನಿಲ್ಲದು. ಕಡ್ಡಿಯೇ ನೀರು ಹೀರಿ ಕೊಳೆಯುವುದು. ಇಲ್ಲಿ ನೆರವಿಗೆ ಬರುವುದು ಎಪಾಕ್ಸಿ ಎಂಬ ಕೃತಕ ರಾಳ. ರಾಳವನ್ನೂ ಗಟ್ಟಿಕಾರಕವನ್ನೂ ಹೇಳಿದ ಪ್ರಮಾಣದಲ್ಲಿ ಬೆರೆಸಿದಾಗ ಅವುಗಳ ಅಣುಗಳು ಹೆಣೆದುಕೊಂಡು ಗಟ್ಟಿಯಾಗುವುವು. ದ್ರಾವಕವೇನೂ ಆರಿಹೋಗಬೇಕಾಗಿಲ್ಲವಾದುದರಿಂದ ಅದು ಕುಗ್ಗುವುದು ಅತ್ಯಲ್ಪ.

ಮುಚ್ಚಳವನ್ನು ಕಳಚಿ, ಹೊದಿಕೆಯ ಪಿನ್ನುಗಳನ್ನು ಕಿತ್ತು, ಹಲಗೆಯನ್ನೂ ಫೋಮನ್ನೂ ಚೆನ್ನಾಗಿ ಒಣಗಿಸಬೇಕು. ಬಳಿಕ ದಬ್ಬಳದಿಂದ ಹಲಗೆಯನ್ನು ಚುಚ್ಚಿ ನೋಡಬೇಕು. ಅದು ಸಲೀಸಾಗಿ ಇಳಿದರೆ ಮರ ಕೊಳೆತಿದೆ. ಹಲಗೆಯನ್ನೇ ಬದಲಾಯಿಸುವುದು ಲೇಸು. ಗಟ್ಟಿಯಾಗಿದ್ದರೆ ೫ ಮಿಲಿಮೀಟರ್ ಮೊಳೆಯ ರಂಧ್ರವನ್ನು ಬೈರಿಗೆಯಿಂದ ೧೦ ಮಿಲಿಮೀಟರಿಗೆ ಹಿಗ್ಗಿಸಿ, ತೆಳು ಎಪಾಕ್ಸಿಯನ್ನು ಒಳಗೋಡೆಗೆ ಸವರಿ, ಬಳಿಕ ಮರದ ಹುಡಿ ಬೆರೆಸಿ ಮಂದವಾಗಿಸಿದ ಎಪಾಕ್ಸಿಯನ್ನು ತುಂಬಬೇಕು. ಕೈಗವಸು ಇರಲಿ, ರಾಳ ಚರ್ಮಕ್ಕೆ ಒಗ್ಗದು. ಅದು ಪೂರ್ತಿ ಗಟ್ಟಿಯಾದ ಮೇಲೆ ನಡುವೆ ಮೊಳೆಗಿಂತ ಕಿರಿದಾದ ರಂಧ್ರ ಕೊರೆದು ಮೊಳೆ ತಿರುಪಬೇಕು. ಈಗ ಮೊಳೆಯ ಸುತ್ತ ನೀರು ಹೀರದ ಗೋಡೆ. ಮರಕ್ಕೂ ಲೋಹಕ್ಕೂ ನಡುವೆ ತೇವಕ್ಕೆ ಎಡೆಯಿಲ್ಲ.

ಹೊದಿಕೆ ಬಿಚ್ಚಿರುವಾಗಲೇ ಮೊಳೆಗೆ ಬದಲಾಗಿ ಬೋಲ್ಟು ಹಾಕಿ, ಫೋಮಿನ ಕೆಳಗೆ ಅಗಲವಾದ ಬಿಲ್ಲೆಯನ್ನು ಕೂಡಿಸುವುದು ಇನ್ನೂ ಉತ್ತಮ. ಆಗ ಎಳೆತ ಬಿಲ್ಲೆಯಗಲಕ್ಕೂ ಹಂಚಿಹೋಗುವುದು. ಮುಚ್ಚಳ ಮಿತಿಮೀರಿ ತೆರೆಯದಂತೆ ಒಂದು ಪಟ್ಟಿಯನ್ನು ಬಿಗಿದರೆ ಸನ್ನೆಗೋಲಿನ ಕಾಟವೂ ತಪ್ಪಿತು.

ಎಪಾಕ್ಸಿಯನ್ನು ಮರದ ದೋಣಿಗಳಲ್ಲಿ ಬಳಕೆಗೆ ತಂದವರಲ್ಲಿ ಅಮೆರಿಕದ ಮಿಚಿಗನ್ ಸಂಸ್ಥಾನದ ಬೇ ಸಿಟಿಯ ಗೂಜನ್ ಸೋದರರು ಪ್ರಮುಖರು; ೧೯೬೯ರಲ್ಲಿ ಅವರು ತಮ್ಮ ಉದ್ಯಮವನ್ನು ಆರಂಭಿಸಿದರು.

ಮಳೆಗಾಲದಲ್ಲಿ ಬಿಗಿಯಾಗಿ, ಬೇಸಗೆಯಲ್ಲಿ ಸಡಿಲಾಗುವ ನಮ್ಮ ಮನೆಯ ಬಾಗಿಲುಗಳೂ ಇದೇ ನಿಯಮಕ್ಕೆ ಒಳಪಟ್ಟಿವೆ. ಮುಂದಿನ ಸಲ ಕೀಲೊಂದು ಕಿರುಗುಟ್ಟಿದಾಗ ಮೊಳೆಯನ್ನು ಬಿಗಿದು ಸುಮ್ಮನಾಗದೆ, ಅದು ಸಡಿಲಾದುದು ನೀರಿನಿಂದಲೋ, ಸನ್ನೆಯ ಬಲದಿಂದಲೋ, ಲೋಹದ ಕ್ಷಯದಿಂದಲೋ ಎಂದು ಪರೀಕ್ಷಿಸಿ ನೋಡೋಣ. ಕಾರಣ ತಿಳಿದರೆ ದುರಸ್ತಿ ಅರ್ಧ ಮುಗಿದಂತೆಯೇ.