ನಿಂತ ಕಾರಿಗೂ ಆರೈಕೆ ಬೇಕು

ಮೆಟ್ಟೂರಿನಿಂದ ಮಲೆ ಮಹದೇಶ್ವರ ಬೆಟ್ಟದ ಕಡೆ ಹೊರಟ ಬಸ್ಸು ಕೊಳತ್ತೂರು ದಾಟಿ ಪಾಲಾರಿಗೆ ಬಂದರೆ, ಅಲ್ಲಿಂದಾಚೆ ಕರ್ನಾಟಕ. ತಮಿಳು, ಕನ್ನಡ, ತೆಲುಗು ಮೂರೂ ಕಿವಿಗೆ ಬೀಳುವ ಈ ಸೀಮೆಯಲ್ಲಿ ಎತ್ತಿನ ಗಾಡಿ ಅಪರೂಪವಾಗಿ ಕಾರು ಸಾಮಾನ್ಯವಾಗಿದೆ. ಆದರೆ ಎಷ್ಟೋ ಕಾರುಗಳು ಓಡುವುದೇ ಇಲ್ಲ. ಮಗ ದುಡಿಮೆಗೆಂದು ದೂರದೇಶ ಸೇರಿರುತ್ತಾನೆ. ಸಾಲ ಮಾಡಿ ಕೊಂಡ ಕಾರು ಅಪ್ಪನ ಅಂಗಳದಲ್ಲಿ ಕಂತು ಕಟ್ಟಿಸಿಕೊಳ್ಳುತ್ತಾ ನಿಂತಿರುತ್ತದೆ.

ಗಡಿಯವರಿಗೆ ಕಾರು ನಿಲ್ಲಿಸುವ ಪ್ರಸಂಗಗಳು ಬೇರೆಯವೂ ಉಂಟು. 1991ರಲ್ಲೂ 2016ರಲ್ಲೂ ಕಾವೇರಿ ಗಲಾಟೆಯ ಹೊತ್ತಿನಲ್ಲಿ ನಂಬರ್ ಪ್ಲೇಟ್ ನೋಡಿ ಗಡಿ ದಾಟಲು ಜನ ಹೆದರಿದರು. 2020ರ ಮಾರ್ಚ್ 25ರಿಂದ ಲಾಕ್‌ಡೌನ್ ಬಂದಾಗಲಂತೂ ದೇಶದ ಗಾಡಿಗಳೆಲ್ಲ ಒಟ್ಟಿಗೇ ನಿಂತವು. ಬೀಗ ತೆಗೆದಾಗ ಕೀಲಿ ತಿರುಗಿಸಿದರೆ ಟಿಕ್ ಅನ್ನುವ ಸದ್ದು ಬಿಟ್ಟು ಮತ್ತೇನೂ ಇಲ್ಲ!

ನನ್ನ ಅಕ್ಕನ ಮಗ ಎರಡು ವರ್ಷಕ್ಕೆಂದು ಗಲ್ಫ್‌ಗೆ ಹೊರಟಾಗ ಕಾರನ್ನು ನನ್ನ ಹಟ್ಟಿಯಲ್ಲಿ ಬಿಟ್ಟ. "ಮಾವಾ, ವಾರಕ್ಕೊಂದ್ಸಲ ಐದು ನಿಮಿಷ ಸ್ಟಾರ್ಟ್ ಮಾಡಿದ್ರೆ ಸಾಕಲ್ವಾ?" ಅಂದ. "ಸಾಲ್ದಪ್ಪಾ" ಅಂದೆ. ಐದು ನಿಮಿಷಕ್ಕೆ ಎಂಜಿನ್ ಸರಿಯಾಗಿ ಕಾಯುವುದಿಲ್ಲ. ಹೊಗೆಯೊಳಗಿನ ನೀರಾವಿ ಸೈಲೆನ್ಸರಿನಲ್ಲೂ ಆಯಿಲ್‌ನಲ್ಲೂ ಉಳಿದು ತುಕ್ಕಿಗೆ ದಾರಿಯಾಗುತ್ತದೆ. ಸ್ಟಾರ್ಟ್ ಮಾಡಲು ಹೋದ ಕರೆಂಟು ಬ್ಯಾಟರಿಗೆ ಪೂರ್ತಿ ವಾಪಸ್ ಬರುವುದೂ ಇಲ್ಲ. ಓಡಿಸಿದರೆ ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಬೇಕು. ಆಗದಿದ್ದರೆ ಸಿದ್ಧಮಾಡಿ ನಿಲ್ಲಿಸಬೇಕು.

ಬಿತ್ತನೆ ರಾಗಿಯ ಹಾಗೆ

ಬಿತ್ತನೆ ರಾಗಿಯನ್ನು ಹಸಿಯಾಗಿ ಕಟ್ಟಿಡುವ ರೈತ ಯಾರಿದ್ದಾನೆ? ಕಾರೂ ಹಾಗೆಯೇ. ಮೊದಲು ತೊಳೆದು, ತಳದ ಕೆಸರು ತೆಗೆದು, ಚೆನ್ನಾಗಿ ಒಣಗಿಸಬೇಕು. ಹಕ್ಕಿ ಹಿಕ್ಕೆ ಬಿದ್ದಲ್ಲಿ ಬಣ್ಣ ಸುಡುತ್ತದೆ. ಓಡಿದ ಆಯಿಲ್‌ನಲ್ಲಿ ಹುಳಿ, ನೀರು ಸೇರಿರುವುದರಿಂದ ಹೊಸದು ಹಾಕಿಸಿ ನಿಲ್ಲಿಸುವುದು ಲೇಸು.

ಜಾಗದ ಮಾತು ನಮ್ಮಂಥ ರೈತರಿಗೆ ಮುಖ್ಯ. ದನದ ಕೊಟ್ಟಿಗೆಯ ಪಕ್ಕ ಬೇಡ. ಗಂಜಲದ ಆವಿ ಕಬ್ಬಿಣಕ್ಕೆ ಆಗದು. ಯೂರಿಯಾ, ಪೊಟ್ಯಾಷ್ ಚೀಲಗಳ ಜೊತೆಯೂ ಬೇಡ. ಹುಲ್ಲಿನ ಬಣವೆಯ ಹತ್ತಿರವಂತೂ ಬೇಡವೇ ಬೇಡ, ಬೆಂಕಿಯ ಭಯ. ಪ್ಲಾಸ್ಟಿಕ್ ಟಾರ್ಪಾಲು ಬಿಗಿದರೆ ಒಳಗೆ ಬೆವರುತ್ತದೆ. ಗಾಳಿಯಾಡುವ ಬಟ್ಟೆ ಹೊದಿಸಿ.

ಟ್ಯಾಂಕು ತುಂಬಿಸಿ ಬಿಡುವುದು ಹಳೆಯ ಪದ್ಧತಿ. ಒಳಗೆ ಗಾಳಿ ಕಡಿಮೆಯಿದ್ದಷ್ಟೂ ತೇವ ಕಡಿಮೆ. ದೇಶದಲ್ಲಿ 2025ರಿಂದೀಚೆಗೆ ಪೆಟ್ರೋಲಿಗೆ ಶೇ. 20ರಷ್ಟು ಎಥನಾಲ್ ಬೆರೆಸಲಾಗುತ್ತಿದೆ. ಎಥನಾಲ್ ಗಾಳಿಯಿಂದ ನೀರು ಹೀರುವುದರಿಂದ ಈ ಎಚ್ಚರ ಈಗ ಇನ್ನೂ ಹೆಚ್ಚು ಬೇಕು.

ಬ್ಯಾಟರಿ, ಚಕ್ರ, ಇಲಿ

ಬ್ಯಾಟರಿಯ ನೆಗೆಟಿವ್ ತಂತಿಯನ್ನು ಮೊದಲು ಬಿಚ್ಚಬೇಕು. ಕಳಚಿ ಮನೆಯೊಳಗಿಟ್ಟು, ತಿಂಗಳಿಗೊಮ್ಮೆ ಪರೀಕ್ಷಿಸಿ ಚಾರ್ಜ್ ಮಾಡಿದರೆ ಉಳಿಯುತ್ತದೆ. ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ, 12.4ಕ್ಕೆ ಇಳಿದರೆ ಚಾರ್ಜಿಗೆ ಹಾಕಿ.

ಹ್ಯಾಂಡ್‌ಬ್ರೇಕ್ ಎಳೆದೇ ಬಿಟ್ಟರೆ ಬ್ರೇಕ್ ಶೂ ಡ್ರಮ್ಮಿಗೆ ಕಚ್ಚಿಕೊಳ್ಳುತ್ತದೆ. ಸಮತಟ್ಟಿನಲ್ಲಿ ನಿಲ್ಲಿಸಿ, ಗೇರಿಗೆ ಹಾಕಿ, ಚಕ್ರಕ್ಕೆ ಮರದ ಅಡ್ಡೆ ಕೊಡಿ. ಗಾಳಿ ಸ್ವಲ್ಪ ಹೆಚ್ಚು ತುಂಬಿಸಿ. ಆದರೆ ಟೈರಿನ ಮೇಲೆ ಬರೆದ ಮಿತಿ ಮೀರಬಾರದು. ಟೈರು ಒಂದೇ ಕಡೆ ಚಪ್ಪಟೆಯಾಗದಂತೆ ತಿಂಗಳಿಗೊಮ್ಮೆ ಕಾರನ್ನು ಒಂದು ಮೊಳ ತಳ್ಳಿ.

ಇನ್ನು ನಮ್ಮ ಮುಖ್ಯ ಶತ್ರು. ಕನ್ನಡದಲ್ಲಿ ಇಲಿ, ತೆಲುಗಿನಲ್ಲಿ ಎಲುಕ, ತಮಿಳಿನಲ್ಲಿ ಎಲಿ. ಹೆಸರು ಮೂರಾದರೂ ಹಲ್ಲು ಒಂದೇ. ಬಾನೆಟ್ಟಿನೊಳಗಿನ ವೈರು ಕಡಿದರೆ ಸಾವಿರಗಟ್ಟಲೆ ಖರ್ಚು. ಕಾರಿನೊಳಗೆ ತಿಂಡಿಯ ಚೂರೂ ಇರಬಾರದು, ಹತ್ತಿರ ಕಾಳಿನ ಮೂಟೆ ಇಡಬಾರದು. ಬೇವಿನ ಸೊಪ್ಪು, ಹೊಗೆಸೊಪ್ಪು ಇಡುವವರಿದ್ದಾರೆ. ನಾನು ನಂಬುವುದು ಬೋನನ್ನು. ಸೈಲೆನ್ಸರ್ ಬಾಯಿಗೆ ಬಟ್ಟೆ ತುರುಕಿ. ಏನೇನು ಬಿಚ್ಚಿದ್ದೀರಿ, ಎಲ್ಲೆಲ್ಲಿ ಮುಚ್ಚಿದ್ದೀರಿ ಎಂದು ಚೀಟಿ ಬರೆದು ಸ್ಟೀರಿಂಗಿಗೆ ಕಟ್ಟಿ. ಎರಡು ವರ್ಷದ ಮೇಲೆ ಯಾರಿಗೆ ನೆನಪಿರುತ್ತೆ?

ಕಾಗದಪತ್ರ ನಿಲ್ಲುವುದಿಲ್ಲ

ಕಾರು ನಿಂತರೂ ತಾರೀಖು ಓಡುತ್ತದೆ. ಸ್ವಂತ ಕಾರಿನ ಆರ್.ಸಿ.ಗೆ 15 ವರ್ಷ ಅವಧಿ, ಆಮೇಲೆ ನವೀಕರಣ. ವಿಮೆ ಮುಗಿದು 90 ದಿನ ದಾಟಿದರೆ ನೋ ಕ್ಲೇಮ್ ಬೋನಸ್ ಹೋಗುತ್ತದೆ. ನಿಂತ ಕಾರಿಗೂ ಬೆಂಕಿ, ಕಳವು ತಪ್ಪಿದ್ದಲ್ಲವಾದ್ದರಿಂದ ವಿಮೆ ಬಿಡಬೇಡಿ. ತಮಿಳುನಾಡಿನ ನಂಬರಿನ ಗಾಡಿಯನ್ನು ಕರ್ನಾಟಕದ ನೆಂಟರ ಮನೆಯಲ್ಲಿ ಬಿಡುವವರೂ ಗಮನಿಸಿ: 1988ರ ಮೋಟಾರು ವಾಹನ ಕಾಯ್ದೆಯಂತೆ ಬೇರೆ ರಾಜ್ಯದಲ್ಲಿ 12 ತಿಂಗಳು ಮೀರಿ ಇಟ್ಟರೆ ಅಲ್ಲಿನ ಹೊಸ ನೋಂದಣಿ ಸಂಖ್ಯೆ ಪಡೆಯಬೇಕು.

ಮತ್ತೆ ತೆಗೆಯುವಾಗ ಆತುರ ಬೇಡ. ಬಟ್ಟೆ ಬಿಚ್ಚಿ, ವೈರು ನೋಡಿ, ಆಯಿಲ್, ನೀರು, ಗಾಳಿ, ಬ್ರೇಕು ಪರೀಕ್ಷಿಸಿ, ಆಮೇಲೆ ಕೀಲಿ ತಿರುಗಿಸಿ. ಮೊದಲ ಮೈಲಿ ನಿಧಾನವಾಗಿ ಹೋಗಿ.

ಇದೆಲ್ಲ ಸೇರಿ ಅರ್ಧ ದಿನದ ಕೆಲಸ. ಮಗ ಹೊರನಾಡಿನಲ್ಲಿ ಬೆವರು ಸುರಿಸಿ ಕಂತು ಕಟ್ಟುವ ವಸ್ತು ಮನೆಯ ಅಂಗಳದಲ್ಲೇ ಮಣ್ಣಾಗಬಾರದು. ಹೊರಡುವ ಗಡಿಬಿಡಿಯಲ್ಲಿ ಅವನಿಗೆ ಪುರುಸೊತ್ತಿಲ್ಲದಿದ್ದರೆ, ಮನೆಯಲ್ಲಿ ಉಳಿಯುವ ನಾವೇ ಆ ಅರ್ಧ ದಿನ ಕೊಡೋಣ.